ಒದ್ದೆಯಾಗದ ಹುಲ್ಲು

ನನ್ನ ಗುಬ್ಬಿಗೆ,

ನಿನ್ನ ದೊಡ್ಡಮ್ಮ ಬರೆಯುತ್ತಿದ್ದೇನೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ಮಾತಿಗೆ ಮಾತು ಬೆಳೆದು ಇಬ್ಬರಿಗೂ ಸಿಟ್ಟು ನೆತ್ತಿಗೇರುತ್ತದೆ. ಕಾಗದವಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ. ಮೂರನೆಯ ತರಗತಿಗೇ ಸ್ಲೇಟು ಬಿಸಾಡಿ ಬಂದವಳ ಅಕ್ಷರ ಇದು. ನೀನು ಪಾಠ ಹೇಳುವವಳು, ತಪ್ಪು ಕಂಡಲ್ಲೆಲ್ಲ ಕೆಂಪು ಗೀಟು ಎಳೆಯುತ್ತ ಕೂರಬೇಡ. ಮೊದಲು ಪೂರ್ತಿ ಓದು.

ಹೋದ ವಾರ ನೀನು ಹೊಲಿಯಲು ಕೊಟ್ಟಿದ್ದ ಡೇರೆಗಳನ್ನು ನೋಡಲು ಅಂಗಡಿಗೆ ಬಂದು, ಹೊಲಿಗೆ ಯಂತ್ರದ ಮೇಲೇ ಫೋನು ಇಟ್ಟು, ಎರಡು ಜಾಗದ ಚಿತ್ರ ತೋರಿಸಿದೆ. ಬೆಟ್ಟದ ಬುಡದ ಹುಲ್ಲುಗಾವಲು ಒಂದು, ಕಾಡು ದಾಟಿ ಮೇಲೆ ಹತ್ತಿದರೆ ಸಿಗುವ ಬಂಡೆ ಬಯಲು ಇನ್ನೊಂದು. "ಶಾಲೆ ಮಕ್ಕಳನ್ನ ಕರ್ಕೊಂಡು ಹೋಗ್ತಿದ್ದೀನಿ ದೊಡ್ಡಮ್ಮ. ನಿಮಗೆ ಆ ಬೆಟ್ಟ ಎಲ್ಲ ಗೊತ್ತಲ್ಲ, ಯಾವ ಜಾಗ ಹಿಡೀಲಿ?" ಅಂತ ಕೇಳಿದೆ. ಕೇಳಿದ್ದು ಬಾಯಿಮಾತಿಗೆ. ಮನಸ್ಸಿನಲ್ಲಿ ಆಗಲೇ ಹುಲ್ಲುಗಾವಲು ಗಟ್ಟಿಯಾಗಿತ್ತು. ಪಕ್ಕದಲ್ಲೇ ತೊರೆ, ನಲ್ಲಿ, ಕಕ್ಕಸು. ಬಸ್ಸು ಅಲ್ಲಿಯವರೆಗೂ ಹೋಗುತ್ತದೆ. ನೆಲ ಅಂಗೈಯಷ್ಟು ಮೆತ್ತಗೆ. ನಾನು ಮೇಲಿನದು ಅಂದೆ. ನೀನು ನಕ್ಕು, "ಮಕ್ಕಳನ್ನ ಕಲ್ಲಿನ ಮೇಲೆ ಮಲಗಿಸಿದ್ರೆ ಅವರ ಅಪ್ಪ ಅಮ್ಮಂದಿರು ನನ್ನ ಚರ್ಮ ಸುಲಿದು ನಿಮ್ಮ ಹತ್ರಾನೇ ಟೆಂಟ್ ಹೊಲಿಸ್ತಾರೆ" ಅಂದೆ. ಮಾತು ಚೆನ್ನಾಗಿಯೇ ಇತ್ತು, ನನಗೆ ನಗು ಬರಲಿಲ್ಲ. ಕತ್ತರಿ ಕುಕ್ಕಿ ಅರಚಿದೆ. ನೀನು ಮುಖ ಊದಿಸಿಕೊಂಡು ಹೋದೆ. ಹೋಗುವಾಗ ಬಾಗಿಲು ಬಡಿದೆ, ಗಮನಿಸಿದ್ದೇನೆ.

ಕಾರಣ ಹೇಳದೆ ಅರಚುವುದು ನನ್ನ ಹುಟ್ಟುಗುಣ. ಈಗ ಕಾರಣ ಕೇಳು.

ಡೇರೆ ಕೆಲಸದವರು ಜಾಗ ನೋಡುವುದು ಬಿಸಿಲಿನಲ್ಲಲ್ಲ, ಬೆಳಗಾಗುವ ಹೊತ್ತಿಗೆ. ಇಬ್ಬನಿ ನೋಡುತ್ತಾರೆ. ಎಲ್ಲಿ ಇಬ್ಬನಿ ದಟ್ಟವಾಗಿ ಕೂತಿದೆಯೋ ಅಲ್ಲಿ ಬಟ್ಟೆ ನೆನೆಯುತ್ತದೆ; ಎಲ್ಲಿ ತೆಳುವಾಗಿದೆಯೋ ಅಲ್ಲಿ ಗೂಟ ಹೊಡೆಯಬೇಕು. ಇನ್ನೊಂದು ವಿಷಯ. ರಾತ್ರಿ ಯಾವ ಜೀವ ಮಲಗಿ ಎದ್ದುಹೋಗಿದ್ದರೂ ಅದರಡಿಯ ಹುಲ್ಲು ಒಣಗಿರುತ್ತದೆ. ದನ ಮಲಗಿದ್ದರೆ ದನದ ಆಕಾರ, ಜಿಂಕೆ ಮಲಗಿದ್ದರೆ ಜಿಂಕೆಯ ಆಕಾರ. ಸುತ್ತಲೂ ಬೆಳ್ಳಗೆ ಇಬ್ಬನಿ, ನಡುವೆ ಅಷ್ಟು ಮಾತ್ರ ಹಸಿರು. ಇದನ್ನೆಲ್ಲ ನನಗೆ ಕಲಿಸಿದ್ದು ನಿನ್ನ ದೊಡ್ಡಪ್ಪ. ನಾನು ಹೊಲಿಯುತ್ತಿದ್ದೆ, ಅವರು ಹೊತ್ತುಕೊಂಡು ಹೋಗಿ ಕಟ್ಟಿಕೊಡುತ್ತಿದ್ದರು.

ಆ ಮನುಷ್ಯನಿಗೆ ನಿದ್ದೆ ಅನ್ನುವುದೇ ಇರಲಿಲ್ಲ. ಪಕ್ಕದ ಮನೆಯವರು ಮಗ್ಗುಲು ಬದಲಿಸಿದರೆ ಇವರು ಎದ್ದು ಕೂರುತ್ತಿದ್ದರು. ಹಾಗಿದ್ದವರು ಒಮ್ಮೆ ಕೆಲಸ ಮುಗಿಸಿ ಬರುವಾಗ ಆ ಹುಲ್ಲುಗಾವಲಿನಲ್ಲಿ ನಮ್ಮ ಡೇರೆ ಹಾಕಿದರು. ಹಗ್ಗ ಒಣಗಿಸಲಿಲ್ಲ ಅಂತ ನಾನು ಬೈದೆ, ಅವರೂ ಬಿಡಲಿಲ್ಲ. ನಾನು ಹಾಸಿಗೆ ಸುತ್ತಿಕೊಂಡು ಮೇಲಿನ ಬಂಡೆಗೆ ಹೋಗಿ ಮಲಗಿದೆ. ಬೆಳಗ್ಗೆ ಸಿಟ್ಟು ಇಳಿದು, ಚಹಾ ಕಾಯಿಸಿಕೊಂಡು ಕೆಳಗೆ ಬಂದರೆ, ಬಸ್ಸಿನ ಕಂಬಿ ಹಿಡಿದವರ ಹಾಗೆ ಒಂದು ಕೈ ತಲೆಯ ಮೇಲೆ ಚಾಚಿ ಮಲಗಿದ್ದರು. ಎಷ್ಟು ಅಲುಗಾಡಿಸಿದರೂ ಏಳಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿದೆ ಅಂದರು ಡಾಕ್ಟರು. ಪುಣ್ಯವಂತನ ಸಾವು ಅಂದರು ನೆಂಟರು. ನಾನೂ ಹಾಗೇ ಅಂದುಕೊಂಡೆ. ಜಗಳ ಆಡಿದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ. ಜಗಳ ಆಡಿದ್ದಕ್ಕೇ ನಾನು ಉಳಿದೆನೇನೋ.

ಮರುವರ್ಷ ಮನಸ್ಸು ತಡೆಯದೆ ಒಬ್ಬಳೇ ಹೋಗಿದ್ದೆ. ಬೆಳಗಾಗುತ್ತಿತ್ತು. ಇಡೀ ಬಯಲಿಗೆ ಇಬ್ಬನಿ ಬಿದ್ದಿತ್ತು, ಒಂದು ಕಡೆ ಬಿಟ್ಟು. ಅಲ್ಲಿ ಆಳುದ್ದದ ಒಣ ಜಾಗ. ತಲೆಯ ಹತ್ತಿರ ಒಂದು ಕೈ ಮೇಲಕ್ಕೆ ಚಾಚಿತ್ತು. ಅಂಗೈ ಇಟ್ಟು ನೋಡಿದೆ. ಈಗಷ್ಟೇ ಯಾರೋ ಎದ್ದುಹೋದ ಹಾಸಿಗೆಯ ಹಾಗೆ ಬೆಚ್ಚಗಿತ್ತು. ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ಗಂಡ ಸತ್ತ ದುಃಖಕ್ಕೆ ತಲೆ ಕೆಟ್ಟಿದೆ ಅನ್ನುತ್ತಿದ್ದರು, ಅಷ್ಟೇ. ಆಮೇಲೆ ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ನೀನು ಬಾಗಿಲು ಬಡಿದು ಹೋದ ಮಾರನೆಯ ದಿನ ನಾನು ಅಂಗಡಿಗೆ ಬೀಗ ಹಾಕಿ ಬೆಟ್ಟದ ಬಸ್ಸು ಹತ್ತಿದೆ. ಮಂಡಿ ನೋವು ನನ್ನದು, ನೀನು ಲೊಚಗುಟ್ಟುವುದು ಬೇಡ. ಕೆಳಗಿನ ನಿಲ್ದಾಣದ ಬಳಿ ಒಂದು ಕೋಣೆ ಹಿಡಿದಿದ್ದು, ಬೆಳಕು ಹರಿಯುವ ಹೊತ್ತಿಗೆ ಹುಲ್ಲುಗಾವಲು ಮುಟ್ಟಿದೆ. ಅಲ್ಲಿಯ ಕಾವಲುಗಾರ ನಲ್ಲಿಯ ಹತ್ತಿರ ಬಕೆಟ್ಟು ತೊಳೆಯುತ್ತಿದ್ದ. ಜನ ಬರುತ್ತಾರಾ ಅಂತ ಕೇಳಿದೆ.

"ಈ ಸಲ ಇನ್ನೂ ಯಾರೂ ಬಂದಿಲ್ಲಮ್ಮ. ಬಂದವರು ಮಾತ್ರ ಇದನ್ನ ಬಿಟ್ಟು ಹೋಗಲ್ಲ ಅಂತಾರೆ. ಇಲ್ಲಿ ನಿದ್ದೆ ಅಂದ್ರೆ ನಿದ್ದೆ. ಎಬ್ಬಿಸೋಕೇ ಆಗಲ್ಲ."

"ನೀನೆಲ್ಲಿ ಮಲಗ್ತೀಯೋ?" ಅಂದೆ.

ಅವನು ಬಕೆಟ್ಟು ಕೆಳಗಿಟ್ಟ. ಗದ್ದ ಎತ್ತಿ ಮೇಲಿನ ಬಂಡೆ ತೋರಿಸಿದ.

"ಮತ್ತೆ ನಿಮ್ಮ ಸಾಹೇಬರಿಗೆ ಹೇಳೋಕೇನು ರೋಗ?"

"ಹೇಳ್ದೆ. 'ಗಾಢ ನಿದ್ರೆಗೆ ಹೇಳಿ ಮಾಡಿಸಿದ ಜಾಗ' ಅಂತ ಬೋರ್ಡು ಬರೆಸಿ ಕಳಿಸಿದ್ರು."

ಅವನನ್ನು ಅಲ್ಲೇ ಬಿಟ್ಟು ತೊರೆಯ ಕಡೆ ನಡೆದೆ. ನಿನ್ನ ದೊಡ್ಡಪ್ಪನ ಜಾಗ ಹಾಗೇ ಇತ್ತು, ಕೈ ಚಾಚಿಕೊಂಡು. ಇಷ್ಟು ವರ್ಷ ಆದ ಮೇಲೂ ಬೆಚ್ಚಗೆ. ಅದರ ಆಚೆ ನೋಡಿದೆ, ಗುಬ್ಬಿ. ಹೊಸವು. ಚಿಕ್ಕಚಿಕ್ಕವು. ತಲೆಯೆಲ್ಲ ತೊರೆಯ ಕಡೆಗೆ, ಸಾಲಾಗಿ, ಯಾರೋ ಹಾಜರಿ ಕೂಗಿ ಒಬ್ಬೊಬ್ಬರನ್ನೇ ಮಲಗಿಸಿದ ಹಾಗೆ. ಒಂದು ಮುದುಡಿಕೊಂಡಿತ್ತು. ಒಂದು ಕೈಕಾಲು ಹರಡಿ ಪಕ್ಕದ್ದರ ಜಾಗವನ್ನೂ ತಿಂದಿತ್ತು. ಎರಡು ಒಂದಕ್ಕೊಂದು ಅಂಟಿಕೊಂಡಿದ್ದವು, ಗುಟ್ಟು ಮಾತಾಡುತ್ತ ನಿದ್ದೆ ಹೋದ ಗೆಳತಿಯರ ಹಾಗೆ. ಎಣಿಸಲು ಬೆರಳು ಎತ್ತಿದೆ, ಹಾಗೇ ಇಳಿಸಿದೆ. ನಿನ್ನ ತರಗತಿಯಲ್ಲಿ ಎಷ್ಟು ಮಕ್ಕಳು ಅಂತ ನನಗೆ ಗೊತ್ತಿಲ್ಲ. ತಿಳಿಸಬೇಡ.

ಸಾಲಿನ ಕೊನೆಗೆ ದೊಡ್ಡವರದೊಂದು ಜಾಗ. ಬಲ ಮಗ್ಗುಲು. ಕೆನ್ನೆಯಡಿಗೆ ಒಂದು ಕೈ. ಒಂದು ಮೊಣಕಾಲು ಹೊಟ್ಟೆಯವರೆಗೆ ಎಳೆದುಕೊಂಡಿತ್ತು.

ನಿನ್ನ ಅಮ್ಮ ಕೆಲಸಕ್ಕೆ ಹೋಗುತ್ತಿದ್ದ ವರ್ಷಗಳಲ್ಲಿ ನೀನು ನನ್ನ ಪಕ್ಕದಲ್ಲೇ ಮಲಗಿ ಬೆಳೆದವಳು. ಆ ಮೊಣಕಾಲು ಪ್ರತಿ ರಾತ್ರಿ ನನ್ನ ಪಕ್ಕೆಗೆ ನಾಟುತ್ತಿತ್ತು. ತಳ್ಳಿದರೆ ಮತ್ತೆ ಬರುತ್ತಿತ್ತು. ಅದನ್ನು ಎಲ್ಲಿ ಕಂಡರೂ ಗುರುತು ಹಿಡಿಯುತ್ತೇನೆ. ಬಗ್ಗಿ ಮುಟ್ಟಿದೆ. ಒಣಗಿತ್ತು, ಆದರೆ ತಣ್ಣಗಿತ್ತು. ಮಕ್ಕಳ ಜಾಗಗಳೂ ತಣ್ಣಗಿದ್ದವು. ಯಾರೋ ಬರುತ್ತಾರೆಂದು ಹಾಸಿ ಇಟ್ಟ ಹಾಸಿಗೆಗಳ ಹಾಗೆ.

ನನಗೆ ಭಯ ಬರುವುದಕ್ಕಿಂತ ಮೊದಲು ಸಿಟ್ಟು ಬಂತು. ಕಾವಲುಗಾರನ ಬಕೆಟ್ಟು ಕಸಿದುಕೊಂಡು, ತೊರೆಯ ನೀರು ತುಂಬಿ ನಿನ್ನ ಜಾಗದ ಮೇಲೆ ಸುರಿದೆ. ನೀರು ಹುಲ್ಲಿಗೆ ಅಂಟಲಿಲ್ಲ. ಒಂದೆಸಳೂ ಒದ್ದೆಯಾಗದೆ, ನೀರು ಅಂಚು ಬಳಸಿಕೊಂಡು ಹರಿದು ಹೋಯಿತು. ಮಲಗಿದವರನ್ನು ಎಬ್ಬಿಸದೆ ದಾಟುವವರ ಹಾಗೆ. ಅವನು ಹಿಂದೆ ಬಂದು ನಿಂತಿದ್ದ. "ನಾನೂ ಸುರಿದು ನೋಡಿದ್ದೀನಮ್ಮ," ಅಂದ ಮೆಲ್ಲಗೆ.

ಅಂಗಡಿಗೆ ಬಂದವಳೇ ನಿನ್ನ ಡೇರೆಗಳನ್ನು ಹರವಿಕೊಂಡು ಕೂತೆ. ಗೂಟ ಸಿಕ್ಕಿಸುವ ಕುಣಿಕೆಗಳನ್ನೆಲ್ಲ ಕತ್ತರಿಸಿ ಒಗೆದೆ. ಆ ಜಾಗಕ್ಕೆ ಬಂಡೆಗೆ ಸುತ್ತಿ ಬಿಗಿಯುವ ಉದ್ದುದ್ದ ಹಗ್ಗ ಹಾಕಿ, ದಬ್ಬಳದಲ್ಲಿ ಎರಡೆರಡು ಸಲ ಹೊಲಿದಿದ್ದೇನೆ. ಕೋಲನ್ನೂ ಬಂಡೆಯ ಏರುತಗ್ಗಿನ ಅಳತೆಗೆ ಕೊಯ್ಯಿಸಿದೆ. ಈ ಡೇರೆ ಇನ್ನು ಮೆತ್ತನೆಯ ನೆಲದಲ್ಲಿ ನಿಲ್ಲುವುದಿಲ್ಲ, ಎಷ್ಟು ಎಬ್ಬಿಸಿದರೂ ಮಗುಚಿಕೊಳ್ಳುತ್ತದೆ. ಬೇರೆಯವರ ಹತ್ತಿರ ಹೊಸದಾಗಿ ಹೊಲಿಸುವಷ್ಟು ಪುರುಸೊತ್ತು ನಿನಗಿಲ್ಲ, ಅದು ನನಗೆ ಗೊತ್ತು. ಹೇಳಿದ್ದೊಂದು ಮಾಡಿದ್ದೊಂದು ಅಂತ ಬೈದುಕೊ. ಮಕ್ಕಳ ಮನೆಯವರು ಕೇಳಿದರೆ ಮುದುಕಿ ಕೆಲಸ ಕೆಡಿಸಿದಳು ಅನ್ನು. ನನ್ನ ಮಾತು ನಂಬಬೇಕಾಗಿಲ್ಲ. ಡೇರೆ ಎಲ್ಲಿ ನಿಲ್ಲುತ್ತದೋ ಅಲ್ಲಿ ಮಲಗಿದರೆ ಸಾಕು.

ಎಲ್ಲರೂ ಹಾರೈಸುವ ಹಾಗೆ ಹಾರೈಸಲು ನನಗೆ ಬಾಯಿ ಬರುತ್ತಿಲ್ಲ. ಆ ಬೆಟ್ಟದಲ್ಲಿ ನಿನಗೆ ಒಳ್ಳೆಯ ನಿದ್ದೆ ಬಾರದಿರಲಿ. ಬೆನ್ನಿಗೆ ಕಲ್ಲು ಒತ್ತಲಿ, ಇರುವೆ ಕಚ್ಚಲಿ. ಒಬ್ಬ ನೀರು ಬೇಕೆನ್ನಲಿ, ಒಬ್ಬಳು ಅಮ್ಮ ಬೇಕೆಂದು ಅಳಲಿ, ಎದ್ದು ಎದ್ದು ನಿನಗೆ ಸಾಕಾಗಿ ಹೋಗಲಿ. ಬೆಳಗ್ಗೆ ಕೆಂಡದಂಥ ಕಣ್ಣು ಮಾಡಿಕೊಂಡು, ದೊಡ್ಡಮ್ಮನ ವಂಶವನ್ನೆಲ್ಲ ಬೈಯುತ್ತ ಏಳು.

ಏಳು, ಅಷ್ಟೇ.

ನಿನ್ನ ಮೊಣಕಾಲಿನ ಏಟು ತಿಂದವಳು,
ದೊಡ್ಡಮ್ಮ