ನಾಲ್ಕು ಕೋಟ್ ಬಣ್ಣದ ಹಿಂದಿನ ತೇವ

ಕಲಬುರಗಿ, ಜೂನ್ ೩೧, ೨೧೮೭

ರೂಮ್ ಹದಿನಾಲ್ಕರ ಅಕ್ಕನಿಗೆ,

ಪರಿಚಯವಿಲ್ಲದೆ ಬರೆಯುತ್ತಿರುವುದಕ್ಕೆ ಸಾರಿ. ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇರಲಿಕ್ಕಿಲ್ಲ. ನಮ್ಮ ಬೇಸಿಗೆ ಜೂನಿಗೆ ಮುಗಿಯದ್ದರಿಂದ ಒಂದು ದಿನ ಸೇರಿಸಿದ್ದಾರೆ. ನನ್ನ ಕನ್ನಡವೂ ವಿಚಿತ್ರ ಅನಿಸಬಹುದು. ಐದನೇ ವಯಸ್ಸಿನಿಂದ ಹಾಸ್ಟೆಲಿನಲ್ಲೇ ಓದಿದವಳು, ಅರ್ಧ ಇಂಗ್ಲಿಷ್ ಬಂದುಬಿಡುತ್ತದೆ. ನಾನು ನೀಲಾಂಬಿಕಾ, ಫಸ್ಟ್ ಇಯರ್. ಕಳೆದ ಕಾಲಕ್ಕೆ ಹೋಗುವ ಟಪಾಲಿಗೆ ನಾವು ಹಿಂದಂಚೆ ಅನ್ನುತ್ತೇವೆ. ವರ್ಷಕ್ಕೆ ಒಂದೇ ಕಾಗದಕ್ಕೆ ಅವಕಾಶ. ಅದನ್ನು ನೂರಾ ಅರವತ್ತು ವರ್ಷ ಹಿಂದೆ ಇದೇ ರೂಮಿನಲ್ಲಿರುವ ನಿಮಗೆ ಬರೆಯುತ್ತಿದ್ದೇನೆ.

ಇಲ್ಲಿ ಹೊರಗೆ ಐವತ್ತೆರಡು ಡಿಗ್ರಿ. ಕಿಟಕಿಗಳನ್ನು ನನ್ನಜ್ಜಿ ಹುಟ್ಟುವ ಮೊದಲೇ ಇಟ್ಟಿಗೆ ಇಟ್ಟು ಮುಚ್ಚಿದ್ದಾರೆ. ಒಗೆದ ಬಟ್ಟೆಯ ಪಸೆ, ಸ್ನಾನದ ಹಬೆ, ಇಬ್ಬರ ಉಸಿರು ಎಲ್ಲವೂ ಒಳಗೇ ಉಳಿಯುತ್ತದೆ. ತಿಂಗಳಿಗೊಮ್ಮೆ ಸೋಮವಾರ ಇನ್‌ಸ್ಪೆಕ್ಷನ್. ಗೋಡೆಯಲ್ಲಿ ಬೂಷ್ಟು ಕಂಡರೆ ರೂಮಿಗೆ ಬೀಗ. ಹಾಗಾಗಿ ಅದರ ಹಿಂದಿನ ಶನಿವಾರ ಇಡೀ ಹಾಸ್ಟೆಲ್ ಬಣ್ಣ ಬಳಿಯುತ್ತದೆ. ಸೀನಿಯರ್‌ಗಳೇ ಬ್ರಷ್ ಕೊಟ್ಟು, ಬಾಗಿಲಲ್ಲಿ ನಿಂತು, ನನ್ನನ್ನು ಪೇಂಟರ್ ಮೇಡಂ ಎಂದು ಕಾಡುತ್ತಿದ್ದರು.

ನನ್ನ ರೂಮ್‌ಮೇಟ್ ಮಹಾನಂದಾ ಸೇಡಂ ಕಡೆಯವಳು. ಚಿಕ್ಕಂದಿನಿಂದ ಅಸ್ತಮಾ. ಮೊದಲ ಸಲ ಕಪ್ಪು ಚುಕ್ಕೆ ಕಂಡಾಗ ವಾರ್ಡನ್‌ಗೆ ಹೇಳೋಣವೆಂದೆ.

“ಹೇಳಿದ್ರ ಇಬ್ಬರೂ ಗಂಟುಮೂಟಿ ಕಟ್ಟಬೇಕಾಗ್ತದ. ನೀ ಸುಮ್ಮ ಬಳಿ, ಇಂಗ್ಲಿಷ್ ರಾಣಿ,” ಅಂದಳು. ಸ್ಟೂಲು ಅವಳೇ ಹಿಡಿದಳು.

ಬಳಿದೆ. ನಾಲ್ಕು ತಿಂಗಳು, ನಾಲ್ಕು ಸಲ. ನನಗೆ ಬರೀ ಸೀನು. ಅವಳಿಗೆ ಮೊದಲು ಕೆಮ್ಮು, ಆಮೇಲೆ ಸಿಳ್ಳೆಯಂಥ ಉಸಿರು. ಕಳೆದ ವಾರ ತುಟಿ ನೀಲಿಯಾಗಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಡಾಕ್ಟರ್ ಹೇಳಿದ್ದು ಇಷ್ಟು: ಬೂಷ್ಟು ಕೊಳೆಯಲ್ಲ, ಬೆಳೆಯುವ ಜೀವ. ಅದರ ಕಣ್ಣಿಗೆ ಕಾಣದ ಕಣಗಳು ಉಸಿರಿನ ಜೊತೆ ಒಳಗೆ ಹೋಗುತ್ತವೆ, ಅಸ್ತಮಾ ಇದ್ದವರಿಗೆ ಹೆಚ್ಚು ತೊಂದರೆ. ಒಳಗೆ ನೀರು ಜಿನುಗುತ್ತಿರುವವರೆಗೆ ಬಣ್ಣ ಬಳಿದರೂ, ಒರೆಸಿದರೂ ಮತ್ತೆ ಬರುತ್ತದೆ. ನೀರು ಎಲ್ಲಿಂದ ಅಂತ ಅವರು ಕೇಳಿದರು. ನನಗೆ ಗೊತ್ತಿರಲಿಲ್ಲ. ಮೊದಲ ಚುಕ್ಕೆ ಎಲ್ಲಿತ್ತೆಂಬುದೂ ಈಗ ನೆನಪಿಲ್ಲ. ಅದರ ಗುರುತನ್ನು ನಾನೇ ಮುಚ್ಚಿದ್ದೇನೆ. ಈಗ ಬಾಗಿಲಿನ ಗೋಡೆ ಬಿಟ್ಟು ಉಳಿದ ಮೂರೂ ಒಂದೇ ಥರ ಒದ್ದೆ.

ವಾರ್ಡನ್ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ, ಮುಂದಿನ ಇನ್‌ಸ್ಪೆಕ್ಷನ್‌ವರೆಗೆ ಬೀಗವನ್ನೂ ಹಾಕುವುದಿಲ್ಲ ಅಂದರು, ಅದಕ್ಕೇ ಇನ್ನೂ ಹೆದರಿಕೆಯಾಯಿತು. ಗೋಡೆ ಒಡೆದರೆ ಬಿಸಿ ನುಗ್ಗುತ್ತದೆ, ಆದ್ದರಿಂದ ಒಂದೇ ಕಡೆ ಒಡೆಯಲು ಪರ್ಮಿಷನ್. ನಿಮ್ಮ ಕಾಲದ ಹಳೆಯ ನಲ್ಲಿಯ ಪೈಪು ಯಾವುದೋ ಗೋಡೆಯೊಳಗೆ ಸೋರುತ್ತಿದೆಯಂತೆ, ನಕ್ಷೆ ಇಲ್ಲ. ತಪ್ಪು ಜಾಗ ಒಡೆದರೆ ಮುಗಿಯಿತು. ಶುಕ್ರವಾರ ಮಹಾನಂದಾ ಡಿಸ್ಚಾರ್ಜ್ ಆಗಿ ಇಲ್ಲಿಗೇ ಬರುತ್ತಾಳೆ, ಬೇರೆ ರೂಮ್ ಖಾಲಿ ಇಲ್ಲ.

ಅಕ್ಕಾ, ನಿಮ್ಮ ಗೋಡೆಗೆ ಇನ್ನೂ ಒಂದೇ ಕೋಟ್ ಇರಬೇಕು. ಬೆಳಿಗ್ಗೆ ಮೂರೂ ಗೋಡೆಗೆ ಅಂಗೈ ಇಟ್ಟು ನೋಡಿ. ಎಲ್ಲಿ ಸುಣ್ಣ ಉಬ್ಬಿದೆ, ಎಲ್ಲಿ ಮಣ್ಣಿನ ವಾಸನೆ, ನೆಲದಿಂದ ಎಷ್ಟು ಗೇಣು ಮೇಲೆ ಅಂತ ಬರೆಯಿರಿ. ಅಲ್ಲಿ ಬಣ್ಣ ಮಾತ್ರ ಬಳಿಯಬೇಡಿ. ಇದೇ ಕವರಿನಲ್ಲಿ ವಾಪಸ್ ಹಾಕಿದರೆ ನನಗೆ ತಲುಪುತ್ತದೆ. ದಯವಿಟ್ಟು ಗುರುವಾರದೊಳಗೆ ಉತ್ತರ ಕಳಿಸಿ.

ನೀಲಾಂಬಿಕಾ