ಎಂಜಲಿನ ನೂಲು, ಗಂಜಿಯ ಬಟ್ಟಲು

ಪಾರಂಪರಿಕ ನೇಯ್ಗೆ ಪುನರುಜ್ಜೀವನ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ನನಗೆ ಮದುವೆಯಾಯಿತು! ನಲವತ್ತೊಂದು ದಿನವಾಯಿತು, ಬೆಳಿಗ್ಗೆ ಎದ್ದ ತಕ್ಷಣ ಇನ್ನೂ ಸುಮ್ಮಸುಮ್ಮನೆ ನಗು ಬರುತ್ತದೆ. ಗಂಡ ಶೋಗೊ, ಹಿನೊಸಾವಾ ಕಣಿವೆಯ ನೇಕಾರ. ಪಾತ್ರೆ ತೊಳೆಯುವಾಗ ಹಾಡುವ ಮನುಷ್ಯ. ಇದಕ್ಕಿಂತ ದೊಡ್ಡ ಸುದ್ದಿಯೂ ಇದೆ: ಹೋದ ಗುರುವಾರ ನನ್ನ ಎಂಜಲು ಪಾಸಾಯಿತು! ಪಾಸು ಮಾಡಿದವರು ಶೋಗೊನ ಅಜ್ಜಿ ಹಿಸನೊ. ವಯಸ್ಸು ಎಂಬತ್ತಾರು. ಈ ಕಣಿವೆಯಲ್ಲಿ ರೇಷ್ಮೆ ಅರಳೆಯಿಂದ ಬರಿಗೈಯಲ್ಲಿ ನೂಲೆಳೆಯಲು ಕಲಿಸಬಲ್ಲ ಕೊನೆಯ ಜೀವ. ಮರುದಿನವೇ ನಿಮ್ಮ ವಿಭಾಗದ ಕರಡು ಪಟ್ಟಿ ಅಂಚೆಯಲ್ಲಿ ಬಂತು. ಅದರಲ್ಲಿ ಹೀಗೆ ಅಚ್ಚಾಗಿದೆ: "ಹಿನೊಸಾವಾ ಕೈನೂಲು ಬಲ್ಲ ಗುರುಗಳು: ಯಾರೂ ಇಲ್ಲ."

ಅಜ್ಜಿ ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ಓದಿದರು.

"ಶೋಗೊ, ನಾನು ಯಾವಾಗ ಸತ್ತೆನೋ?" ಎಂದು ಕೇಳಿದರು.

ನಿಮ್ಮ ಬಳಿ ಉತ್ತರವಿದೆಯೇ? ನನ್ನ ಬಳಿ ಇದೆ. ಮೂರು ವರ್ಷದ ಹಿಂದೆ, ಇಲ್ಲಿನ ಶಾಲೆಯ ಆಟದ ಸಭಾಂಗಣದಲ್ಲಿ, ನಿಮ್ಮ ಯೋಜನೆಯ ಉದ್ಘಾಟನೆಯ ದಿನ. ಪ್ರೇಕ್ಷಕರಲ್ಲಿ ನಾನೂ ಇದ್ದೆ. ಶೋಗೊನನ್ನು ಮೊದಲು ಕಂಡದ್ದೂ ಅಲ್ಲೇ. ಆ ಒಂದು ಉಪಕಾರಕ್ಕೆ ನಿಮ್ಮ ವಿಭಾಗಕ್ಕೆ ಹೃತ್ಪೂರ್ವಕ ಧನ್ಯವಾದ. ಬೇಯಿಸಿದ ರೇಷ್ಮೆಗೂಡುಗಳನ್ನು ಹಿಗ್ಗಿಸಿ ಮಾಡಿದ ಅರಳೆಯನ್ನು ಪುಟ್ಟ ಮರದ ಕಂಬಕ್ಕೆ ಸಿಕ್ಕಿಸಿ, ಒಂದು ಕೈಯಲ್ಲಿ ಎಳೆಯುತ್ತ, ಇನ್ನೊಂದು ಕೈಯ ಬೆರಳನ್ನು ನಾಲಿಗೆಗೆ ತಾಗಿಸಿ ಎಳೆಗಳನ್ನು ಒಂದುಗೂಡಿಸುವುದು ಇಲ್ಲಿನ ರೀತಿ. ಹುರಿ ಇಲ್ಲ, ರಾಟೆ ಇಲ್ಲ. ನೂಲನ್ನು ಹಿಡಿದಿಡುವುದು ಎಂಜಲೊಂದೇ. ಅಜ್ಜಿ ಬೆರಳನ್ನು ಬಾಯಿಗೆ ಒಯ್ದದ್ದೇ ತಡ, ತಾವು ವೇದಿಕೆಗೆ ಧಾವಿಸಿದಿರಿ. ಅವರ ಮುಖಕ್ಕೆ ಮಾಸ್ಕ್ ಬಂತು, ಮುಂದೆ ಗಂಜಿನೀರಿನ ಬಟ್ಟಲು ಬಂತು.

"ಅಜ್ಜೀ, ಇದು ಸ್ವಚ್ಛತೆಯ ಪ್ರಶ್ನೆ. ನಾಳೆ ಈ ಬಟ್ಟೆ ಉಡೋರು ಏನಂದ್ಕೋತಾರೆ?" ಎಂದಿರಿ.

"ಅಲ್ಲಪ್ಪಾ, ಹುಳ ಯಾವ ಬಟ್ಟಲಿಂದ ನೂಲು ತೆಗೀತು? ಅದೂ ಬಾಯಿಂದಲೇ ತಾನೆ?"

ಸಭೆ ನಕ್ಕಿತು. ತಾವು ನಗಲಿಲ್ಲ. ಗಂಜಿ ಒಣಗಿದರೆ ಎಳೆ ಬಿರುಸಾಗುತ್ತದೆ, ಬಿರುಸಾದದ್ದು ತುಂಡಾಗುತ್ತದೆ. ಅವತ್ತು ನೂಲು ಹನ್ನೊಂದು ಕಡೆ ತುಂಡಾಯಿತು. ತಮ್ಮ ವರದಿಯಲ್ಲಿ ಗಂಜಿಯ ಸುದ್ದಿಯೇ ಇಲ್ಲ. "ವಯೋಸಹಜವಾಗಿ ಕೌಶಲ ಕ್ಷೀಣಿಸಿದೆ, ಸಹಕಾರವೂ ಇಲ್ಲ" ಎಂದಿದೆ. ಅಜ್ಜಿ ಸತ್ತದ್ದು ಆ ಸಾಲಿನಲ್ಲಿ.

ಆಗ ಇನ್ನೂ ನಾಲ್ವರು ನೂಲೆಳೆಯುವ ಹೆಂಗಸರಿದ್ದರು. ಮಾಸ್ಕ್ ಹಾಕಿಸಿಕೊಂಡ ಅಜ್ಜಿಯನ್ನು ನೋಡಿ ಅವರಾರೂ ಮತ್ತೆ ಕಂಬದ ಮುಂದೆ ಕೂರಲಿಲ್ಲ. ಈಗ ನಾಲ್ವರೂ ಇಲ್ಲ. ಈ ಬೇಸಿಗೆಯಲ್ಲಿ ಅಜ್ಜಿಯ ಗಂಟಲಿನ ಗಡ್ಡೆಗೆ ಕಿರಣ ಚಿಕಿತ್ಸೆ ಕೊಟ್ಟರು. ಅದು ಗಡ್ಡೆಯನ್ನು ಬಿಟ್ಟು ಎಂಜಲನ್ನು ಒಣಗಿಸಿತು. ಆಸ್ಪತ್ರೆಯಿಂದ ಬಂದ ದಿನ ಅವರು ಉಪ್ಪಿನಲ್ಲಿ ಹಾಕಿದ ಹುಳಿ ಪ್ಲಮ್ ಹಣ್ಣೊಂದನ್ನು ಬಾಯಲ್ಲಿಟ್ಟುಕೊಂಡು ಅರ್ಧ ಗಂಟೆ ಕೂತಿದ್ದರು. ಒಂದು ಹನಿಯೂ ಒಸರಲಿಲ್ಲ. ಹಣ್ಣನ್ನು ಅಂಗೈಗೆ ತೆಗೆದು ನೋಡಿದರು. ಇಟ್ಟ ಹಾಗೇ ಇತ್ತು.

ಹಾಗಾಗಿ ಈಗ ಬೆರಳಿನ ಬುದ್ಧಿ ಅವರದು, ಎಂಜಲು ನನ್ನದು. ನಾನು ಕೋಬೆಯ ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಓದಿದವಳು. ಅಲ್ಲಿ ಬೆರಳು ಬಾಯಿಗಿಟ್ಟರೆ ತರಗತಿಯ ಹೊರಗೆ ನಿಲ್ಲಿಸುತ್ತಿದ್ದರು. ಇಲ್ಲಿ ಅಜ್ಜಿಯ ಬೈಗುಳವೇ ಬೇರೆ.

"ಎಷ್ಟು ಮಾತಾಡ್ತೀಯೇ ಹುಡುಗಿ! ಇರೋ ಎಂಜಲೆಲ್ಲ ಮಾತಿಗೇ ಖರ್ಚು. ಬಾಯಿ ಮುಚ್ಚು, ಹುಳಿ ಹಣ್ಣು ನೆನಪಿಸ್ಕೋ, ಎಳಿ."

"ಸುಮ್ಮನಿದ್ರೆ ನಂಗೆ ಉಸಿರು ಕಟ್ಟುತ್ತೆ ಅಜ್ಜಿ."

"ಕಟ್ಟಲಿ. ನೂಲು ತುಂಡಾಗದಿದ್ರೆ ಸಾಕು."

ಹೋದ ಗುರುವಾರ ನನ್ನ ನೂಲನ್ನು ಅವರು ತಮ್ಮ ಒಣತುಟಿಯ ಮೇಲೆ ಉದ್ದಕ್ಕೂ ಹಾಯಿಸಿದರು. "ಗಂಟಿಲ್ಲ. ಹೊಸ ಮದುವಣಗಿತ್ತಿ ಎಂಜಲು, ಸ್ವಲ್ಪ ತೆಳು. ಆದ್ರೂ ನಡೆಯುತ್ತೆ" ಎಂದರು. ನಾನು ಅತ್ತುಬಿಟ್ಟೆ. ಶೋಗೊ ಹಾಡು ನಿಲ್ಲಿಸಿ ಅಡುಗೆಮನೆಯಿಂದ ಓಡಿ ಬಂದ.

ಆದರೆ ಪಟ್ಟಿಯಲ್ಲಿರುವ ಗುರುವಿನಿಂದ ಕಲಿತು ಎಳೆದದ್ದು ಮಾತ್ರ ಹಿನೊಸಾವಾ ನೂಲು ಎಂಬುದು ತಮ್ಮ ನಿಯಮ. ಪಟ್ಟಿಯಲ್ಲಿ ಯಾರೂ ಇಲ್ಲವಾದ್ದರಿಂದ ಹಳೆಯ ಕಾಗದಪತ್ರ ನೋಡಿ, ಯಂತ್ರದ ನೂಲಿನಿಂದ ಕಲೆಯ "ಪುನರುಜ್ಜೀವನ" ಮಾಡುತ್ತೀರಂತೆ. ಅರ್ಥವಾಯಿತು. ಯಾವುದನ್ನಾದರೂ ಬದುಕಿಸಿದ ಕೀರ್ತಿ ಬೇಕಾದರೆ ಮೊದಲು ಅದು ಸತ್ತಿರಬೇಕಲ್ಲವೇ? ಉಸಿರಾಡುತ್ತಿರುವ ಮುದುಕಿಯೊಬ್ಬಳು ತಮ್ಮ ಕೆಲಸಕ್ಕೆ ಎಷ್ಟು ಅಡ್ಡಿ! ಅಜ್ಜಿಯ ಹೆಸರಿಲ್ಲದೆ ಪಟ್ಟಿಗೆ ಮೊಹರು ಬಿದ್ದರೆ ಅವರ ಎಪ್ಪತ್ತು ವರ್ಷದ ಕೆಲಸ ಅವರೊಂದಿಗೇ ಚಿತೆಗೆ ಹೋಗುತ್ತದೆ. ನನ್ನ ಬೆರಳಲ್ಲಿ ಉಳಿಯುವುದು ಬರೀ ಹೆಸರಿಲ್ಲದ ದಾರ.

ನನ್ನ ಬೇಡಿಕೆ ಒಂದೇ. ಹಿಸನೊ ಅಜ್ಜಿಯ ಹೆಸರನ್ನು, ಅವರು ಕನ್ನಡಕ ಹಾಕಿಕೊಂಡು ಓದಬಲ್ಲ ದಿನಗಳಲ್ಲೇ, ಗುರುಗಳ ಪಟ್ಟಿಯಲ್ಲಿ ಅಚ್ಚು ಮಾಡಿ. ಹೊಸ ವರ್ಷದ ಮಾತೆತ್ತಬೇಡಿ ಎಂದು ವೈದ್ಯರು ನಮಗೆ ಹೇಳಿದ್ದಾರೆ. ಪಟ್ಟಿ ಅಂತಿಮವಾಗುವ ಸಭೆಯಲ್ಲಿ ತಮ್ಮ ಮೇಜಿನ ಮೇಲೆಯೇ ಅರಳೆಯ ಕಂಬ ನಿಲ್ಲಿಸಿ ನೂಲೆಳೆಯುತ್ತೇನೆ, ಮಾಸ್ಕ್ ಇಲ್ಲದೆ. ಪಕ್ಕದಲ್ಲಿ ಕೂತು ಬೈಯಲು ಅಜ್ಜಿ ಬರುತ್ತಾರೆ. ಉಡುವ ಕಿಮೋನೊ ಆಗಲೇ ಮಡಿಚಿಟ್ಟಿದ್ದಾರೆ. ಸಭೆಯ ದಿನ, ನವೆಂಬರ್ ಹದಿನೆಂಟು, ಮಂಗಳವಾರ, ನಮ್ಮ ಕಣಿವೆಯಿಂದ ಬೆಳಿಗ್ಗೆ ಏಳು ಹನ್ನೆರಡಕ್ಕೆ ಹೊರಟು ನಿಮ್ಮ ಊರನ್ನು ಒಂಬತ್ತು ನಲವತ್ತಕ್ಕೆ ಮುಟ್ಟುವ ಎರಡು ಬೋಗಿಯ ಪ್ಯಾಸೆಂಜರ್ ರೈಲು. ಅದರಿಂದ ನಾನೊಬ್ಬಳೇ ಇಳಿದರೆ, ತಮ್ಮ ಪಟ್ಟಿ ನಿಜವಾಯಿತೆಂದು ತಿಳಿಯಿರಿ.

ಇಂತಿ,
"ಯಾರೂ ಇಲ್ಲ" ಎಂಬ ಗುರುವಿನ ಒಬ್ಬಳೇ ಶಿಷ್ಯೆ,
ಮಿನೋರಿ