ಊರ್ಸುಲಾ ಮೇಡಂ ಬರೆದ ಉತ್ತರ

ಫೆಬ್ರವರಿ 11

ಮತ್ತೆ ಅದೇ. ನೆಲದ ಮೇಲೆ ಮಲಗಿ, ಹೊಟ್ಟೆಯ ಮೇಲೆ ದಪ್ಪ ಡಿಕ್ಷನರಿ ಇಟ್ಟು ಅರ್ಧ ಗಂಟೆ ಉಸಿರಾಟ. ಊರ್ಸುಲಾ ಮೇಡಂ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡಿದ್ದರು. "ಕತ್ತಿಂದ ಹಾಡ್ಬೇಡ ಕಣೇ ರಂಜಿತ, ಬೆನ್ನಿಂದ ಹಾಡು."

ಜರ್ಮನಿಯವರು, ಶ್ರೀನಿವಾಸಪುರದ ಸೊಸೆ. ಕನ್ನಡ ಕಲಿತದ್ದು ಅತ್ತೆ ಅಕ್ಕಯಮ್ಮನಿಂದ. ಗಂಡ ತೀರಿಕೊಂಡ ಮೇಲೂ ವಾಪಸ್ ಹೋಗಲಿಲ್ಲ. ಆರು ವರ್ಷದಿಂದ ನನಗೆ ಒಪೆರಾ ಕಲಿಸುತ್ತಿದ್ದಾರೆ. ಜರ್ಮನಿಯ ಸಂಗೀತ ಕಾಲೇಜಿಗೆ ಅವರ ಮೇಲ್‌ನಿಂದಲೇ ನನ್ನ ರೆಕಾರ್ಡಿಂಗ್ ಕಳಿಸಿ ಮೂರು ತಿಂಗಳಾಯಿತು.

"ಉತ್ತರ ಬಂತಾ ಮೇಡಂ?"

"ಇಲ್ಲ."

ಫೆಬ್ರವರಿ 20

ಇವತ್ತು ಮೇಡಂ ತಾವಾಗಿಯೇ ತಮ್ಮ ಹಳೆಯ ಕಥೆ ಹೇಳಿದರು. ಹತ್ತೊಂಬತ್ತು ವರ್ಷ ಒಂದೇ ಒಪೆರಾ ಥಿಯೇಟರಿನಲ್ಲಿ ನಾಯಕಿ. ನಲವತ್ತೊಂದನೇ ವಯಸ್ಸಿಗೆ, ಸ್ಟೇಜ್ ಮೇಲೆ, ಮೇಲಿನ ಸ್ವರದಲ್ಲಿ ಗಂಟಲು ಒಡೆಯಿತು. ಯಾರೋ ಸಿಳ್ಳೆ ಹಾಕಿದರಂತೆ; ಅಲ್ಲಿ ಅದು ಮೆಚ್ಚುಗೆಯಲ್ಲ, ಛೀಮಾರಿ. ಮರುವರ್ಷ ಕಾಂಟ್ರಾಕ್ಟ್ ಇಲ್ಲ. ಅದೇ ಥಿಯೇಟರಿನ ಕೌಂಟರಿನಲ್ಲಿ ನಾಲ್ಕು ವರ್ಷ ಟಿಕೆಟ್ ಹರಿದುಕೊಟ್ಟರು.

"ನನ್ ಮುಖಾನೇ ನೋಡೋರು. ಗುರ್ತೇ ಸಿಗ್ತಿರ್ಲಿಲ್ಲ."

ನಾನು ಅತ್ತುಬಿಟ್ಟೆ. ಅವರು ಅಳಲಿಲ್ಲ.

ಏಪ್ರಿಲ್ 3

ಮೇಡಂ ತಮ್ಮ ವೀಸಾ ಕಾಗದ ಪ್ರಿಂಟ್ ತೆಗಿ ಅಂದರು. ಅವರ ಮೇಲ್ ತೆರೆದೆ. ಸಿಕ್ಕಿತು... ಕಾಲೇಜಿನ ಉತ್ತರ, ಜನವರಿ ಹದಿನಾಲ್ಕರದು. ಮಾರ್ಚ್ ಇಪ್ಪತ್ತಕ್ಕೆ ಖುದ್ದಾಗಿ ಬಂದು ಹಾಡಬೇಕಂತೆ. ಅದರ ಕೆಳಗೆ ಮೇಡಂ ಬರೆದದ್ದು — ರಂಜಿತಗೆ ಇಷ್ಟವಿಲ್ಲ, ಹಿಂದೆ ಸರಿದಿದ್ದಾಳೆ.

ಅವರೇ ಕಲಿಸಿದ ಜರ್ಮನ್. ಒಂದೊಂದು ಪದವೂ ಅರ್ಥವಾಯಿತು.

"ಯಾಕೆ ಮೇಡಂ?"

"ನಿನ್ಗೂ ಒಂದಿನ ಸಿಳ್ಳೆ ಹಾಕ್ತಾರೆ ಕಣೇ."

"ಸುಳ್ಳು."

ಮೇಡಂ ಪ್ರಿಂಟರ್ ಆಫ್ ಮಾಡಿದರು. "ಹೌದು. ನನ್ಗೆ ಒಡೆದುಹೋದ ಸ್ವರ ನಿನ್ಗೆ ಸಲೀಸಾಗಿ ಬರುತ್ತೆ. ಹೊಟ್ಟೆ ಉರೀತು."

ಜೂನ್ 9

ಎರಡು ತಿಂಗಳಿಂದ ಹಾಡಿಲ್ಲ. ಅಮ್ಮನ ಜೊತೆ ಮಾವು ಆರಿಸುವ ಕೆಲಸ.

ಈಗಷ್ಟೇ ಮೇಡಂ ಬಂದಿದ್ದರು. ಎಪ್ಪತ್ತು ದಾಟಿದವರು, ನಮ್ಮೂರು ರಾಯಲ್ಪಾಡಿನವರೆಗೆ ಬಸ್ಸಿನಲ್ಲಿ. ಕೈಯಲ್ಲಿ ಒಂದು ಪ್ರಿಂಟ್.

"ತಪ್ಪು ನಂದು ಅಂತ ಕಾಲೇಜಿಗೆ ಬರ್ದೆ. ನವೆಂಬರ್‌ಗೆ ನಿನ್ನ ಮತ್ತೆ ಕರೆದಿದಾರೆ. ಹೋಗು."

ತೆಗೆದುಕೊಂಡೆ. ಕೂತ್ಕೊಳ್ಳಿ ಅನ್ನಲಿಲ್ಲ. ಹೊರಟುಹೋದರು.

ಬಸ್ಸಿಗೆ ಇನ್ನೂ ಒಂದು ಗಂಟೆ. ಕಿಟಕಿಯಿಂದ ಕಾಣುತ್ತಾರೆ, ಬಸ್‌ಸ್ಟಾಪಿನ ಬಿಸಿಲಲ್ಲೇ ನಿಂತಿದ್ದಾರೆ.

"ಗುರುಗಳು ಕಣೇ. ನೀರಾದ್ರೂ ಕೊಟ್ಟು ಬಾ," ಅಂದಳು ಅಮ್ಮ.

ಏಳಲಿಲ್ಲ. ಬರೆಯುತ್ತಲೇ ಇದ್ದೇನೆ. ಅಮ್ಮ ತಾನೇ ಚೊಂಬು ಹಿಡಿದು ಹೋದಳು. ಮೇಡಂ ಕುಡಿಯುತ್ತಿಲ್ಲ. ಚೊಂಬು ಹಿಡಿದು ಇತ್ತಲೇ ನೋಡುತ್ತಿದ್ದಾರೆ. ನಾನು ಪೆನ್ನು ಇಟ್ಟು ಏಳುತ್ತಿದ್ದೇನೆ —